ಶಾನುಭೋಗರ ಮಗನೇ ಶಾನುಭೋಗ

ಬೀಜಗಣಿತದ ಮೊದಲ ಪಾಠಗಳನ್ನು ಮುಗಿಸಿದ ಯಾವ ವಿದ್ಯಾರ್ಥಿಯ ಮುಂದಾದರೂ ಒಂದು ಹಾಳೆಯ ಮೇಲೆ

ಎಣಿಕೆ = ಎಣಿಕೆ + 1

ಎಂದು ಬರೆದಿಟ್ಟು, ಇಲ್ಲಿ ಎಣಿಕೆ ಎಂಬುದರ ಬೆಲೆ ಎಷ್ಟೆಂದು ಕೇಳಿದರೆ, ಆತನು ಕ್ಷಣಕಾಲ ಆ ಸಾಲನ್ನು ದಿಟ್ಟಿಸಿ, ಎರಡು ಕಡೆಗಳಿಂದಲೂ ಸಮಾನವಾದುದನ್ನು ಕಳೆದು, ಉಳಿದದ್ದು ಸೊನ್ನೆಯು ಒಂದಕ್ಕೆ ಸಮವೆಂಬ ಅಸಂಗತ ವಾಕ್ಯವೆಂಬುದನ್ನು ಕಂಡು, ಇಂಥ ಸಂಖ್ಯೆ ಮೂರು ಲೋಕಗಳಲ್ಲಿಯೂ ಇರಲಾರದೆಂದು ನಿಸ್ಸಂಶಯವಾಗಿ ನುಡಿಯುವನು. ಅವನ ಉತ್ತರ ಸರಿಯಾದದ್ದೇ. ಆದರೆ ಅದೇ ವಿದ್ಯಾರ್ಥಿಯು ಹನ್ನೊಂದನೆಯ ತರಗತಿಗೆ ಬಂದು, ಕೇಂದ್ರೀಯ ಮಂಡಳಿಯ ಗಣಕವಿಜ್ಞಾನದ ಪಠ್ಯದಲ್ಲಿ ಸೇರಿರುವ ಪೈಥಾನ್ ಭಾಷೆಯನ್ನು ಕಲಿಯತೊಡಗಿದಾಗ, ಬೆಳಗಿನ ಗಣಿತದ ತರಗತಿಯಲ್ಲಿ ಅಸಂಭವವೆನಿಸಿದ್ದ ಆ ಸಾಲನ್ನೇ ಮಧ್ಯಾಹ್ನ ಯಂತ್ರದ ಮುಂದೆ ಕುಳಿತು ಯಾವ ಅಳುಕೂ ಇಲ್ಲದೆ ಬರೆಯುತ್ತಾನೆ. ಯಂತ್ರವೂ ಅದನ್ನು ಯಾವ ಆಕ್ಷೇಪಣೆಯೂ ಇಲ್ಲದೆ ಅಂಗೀಕರಿಸುತ್ತದೆ.

ಈ ವೈಷಮ್ಯವನ್ನು ಗಮನಿಸಿದವರು ಅನೇಕರಿರುವರು. ಗಮನಿಸಿದವರಲ್ಲಿ ಬಹುಮಂದಿ, ಯಂತ್ರದ ರೀತಿಯೇ ಅಂಥದೆಂದು ಸಮಾಧಾನ ಹೇಳಿಕೊಂಡು ಮುಂದಕ್ಕೆ ಸಾಗುವರು. ಹಾಗೆ ಸಾಗುವುದಕ್ಕೆ ಅಡ್ಡಿಯೇನೂ ಇಲ್ಲ. ಕೆಲವು ಪುಟಗಳವರೆಗೆ ದಾರಿ ಸುಗಮವಾಗಿಯೇ ಇರುತ್ತದೆ. ಆದರೆ ಹೊಸಬರನ್ನು ಮುಂದೆ ಕಾಡತಕ್ಕ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು, ಈ ಒಂದು ಸಾಲನ್ನು ಅರ್ಥಮಾಡಿಕೊಳ್ಳದೆ ದಾಟಿಬಿಟ್ಟದ್ದರಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದಕಾರಣ ಈ ಅಧ್ಯಾಯದಲ್ಲಿ ಭಾಷೆಯ ಸಮಸ್ತ ವ್ಯಾಕರಣವನ್ನೂ ಹೇಳುವ ಗೋಜಿಗೆ ಹೋಗದೆ, ಈ ಸಾಲಿನ ನಡುವೆ ನಿಂತಿರುವ ಎರಡು ಪುಟ್ಟ ಗೆರೆಗಳು ಮಾಡುವ ಕೆಲಸವೊಂದನ್ನೇ ಸಾವಕಾಶವಾಗಿ ವಿಚಾರಿಸೋಣ.

ಎರಡು ಗೆರೆಗಳ ಪೂರ್ವಚರಿತ್ರೆ

ಸಮಚಿಹ್ನೆಯನ್ನು ಮೊತ್ತಮೊದಲು ಮುದ್ರಣದಲ್ಲಿ ಬಳಸಿದವನು ವೇಲ್ಸ್ ದೇಶದ ವೈದ್ಯನೂ ಗಣಿತಜ್ಞನೂ ಆಗಿದ್ದ ರಾಬರ್ಟ್ ರೆಕಾರ್ಡ್. 1557ರಲ್ಲಿ ಹೊರಬಂದ ತನ್ನ ಬೀಜಗಣಿತದ ಗ್ರಂಥದಲ್ಲಿ ಆತನು, ಇದು ಅದಕ್ಕೆ ಸಮ ಎಂಬ ಮಾತನ್ನು ಪದೇಪದೇ ಬರೆಯುವ ಬೇಸರವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಒಂದೇ ಉದ್ದದ ಎರಡು ಸಮಾನಾಂತರ ರೇಖೆಗಳನ್ನು ಎಳೆದನು. ಅವುಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳು ಇರಲಾರವೆಂಬುದು ಅವನು ಕೊಟ್ಟ ಕಾರಣ. ಅಂದಿನಿಂದ ಆ ಚಿಹ್ನೆಯು ಗಣಿತದಲ್ಲಿ ಒಂದು ಸತ್ಯದ ನಿರೂಪಣೆಯಾಗಿ ನಿಂತಿದೆ. ಎರಡೂ ಎರಡೂ ಸೇರಿ ನಾಲ್ಕೆಂಬುದು ನಿನ್ನೆಯೂ ನಿಜವಾಗಿತ್ತು, ನಾಳೆಯೂ ನಿಜವಾಗಿರುವುದು. ಆ ವಾಕ್ಯದೊಳಗೆ ಕಾಲಕ್ಕೆ ಪ್ರವೇಶವಿಲ್ಲ.

ಯಂತ್ರದಿಂದ ಕೆಲಸ ಮಾಡಿಸುವವನಿಗಾದರೋ ಬೇಕಾದದ್ದು ಇಂಥ ನಿತ್ಯಸತ್ಯವಲ್ಲ, ಒಂದು ಆಜ್ಞೆ. ಲೆಕ್ಕ ಮಾಡು, ಬಂದ ಫಲವನ್ನು ಇಂಥ ಹೆಸರಿನಲ್ಲಿ ಇಟ್ಟುಕೋ ಎಂದು ಅವನು ಹೇಳಬೇಕಾಗಿದೆ. ಜರ್ಮನಿಯ ಕೊನ್ರಾಡ್ ಟ್ಸೂಸೆ ಎಂಬ ಎಂಜಿನಿಯರನು ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ಯಂತ್ರಗಳಿಗಾಗಿ ಒಂದು ಭಾಷೆಯನ್ನು ಕಲ್ಪಿಸುತ್ತಿದ್ದಾಗ ಈ ಭೇದವನ್ನು ಸ್ಪಷ್ಟವಾಗಿ ಕಂಡುಕೊಂಡು, ಲೆಕ್ಕವನ್ನು ಎಡಕ್ಕೂ ಫಲದ ಹೆಸರನ್ನು ಬಲಕ್ಕೂ ಬರೆದು, ನಡುವೆ ಪ್ರತ್ಯೇಕವಾದೊಂದು ಚಿಹ್ನೆಯನ್ನು ಇಟ್ಟಿದ್ದನು. ಆದರೆ 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್‌ಟ್ರಾನ್ ಭಾಷೆಯಲ್ಲಿ ಈ ಕೆಲಸಕ್ಕೆ ಗಣಿತದ ಸಮಚಿಹ್ನೆಯನ್ನೇ ಎರವಲಾಗಿ ತೆಗೆದುಕೊಳ್ಳಲಾಯಿತು. ಆಲ್ಗಾಲ್ ಭಾಷೆಯನ್ನು ರಚಿಸಿದ ಪಂಡಿತರು ಈ ಬೆರಕೆಯನ್ನು ಸಹಿಸದೆ, ಸಮಚಿಹ್ನೆಯ ಹಿಂದೆ ಎರಡು ಚುಕ್ಕೆಗಳನ್ನು ಸೇರಿಸಿ := ಎಂದು ಬರೆದರು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತದ ಅಧ್ಯಾಪಕರು 1964ರಲ್ಲಿ, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಕಲಿಯಬಹುದಾದ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದಾಗ, ಚಿಹ್ನೆಯನ್ನು ಹಾಗೆಯೇ ಉಳಿಸಿಕೊಂಡು, ಸಾಲಿನ ಮೊದಲಿಗೆ ಲೆಟ್ ಎಂಬ ಪದವನ್ನು ಇಡುವ ನಿಯಮ ಮಾಡಿದರು; ಇದು ಹೇಳಿಕೆಯಲ್ಲ, ಹಾಗಾಗಲಿ ಎಂಬ ಆದೇಶವೆಂಬುದು ಕಲಿಯುವವನ ಕಣ್ಣಿಗೆ ಬೀಳಲೆಂದು. ಸೊಗಸಾದ ಉಪಾಯ. ಆದರೆ ಪ್ರತಿ ಸಾಲಿಗೂ ಮೂರಕ್ಷರ ಹೆಚ್ಚಾಗಿ ಬರೆಯುವ ತಾಳ್ಮೆ ಮನುಷ್ಯರಿಗೆ ಬಹುಕಾಲ ಇರುವುದಿಲ್ಲವಷ್ಟೆ. ಬೇಸಿಕ್‌ನ ಮುಂದಿನ ಆವೃತ್ತಿಗಳಲ್ಲಿ ಅನೇಕವು ಆ ಪದವನ್ನು ಐಚ್ಛಿಕವಾಗಿಸಿಬಿಟ್ಟವು.

ಆಮ್‌ಸ್ಟರ್‌ಡ್ಯಾಮಿನ ಭಾಷೆ

ಪೈಥಾನ್ ಹುಟ್ಟಿದ್ದು ಹಾಲೆಂಡಿನಲ್ಲಿ. ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನ ಕೇಂದ್ರದಲ್ಲಿ ಉದ್ಯೋಗದಲ್ಲಿದ್ದ ಗೀಡೋ ವಾನ್ ರಾಸಮ್ ಎಂಬವರು 1989ರ ಡಿಸೆಂಬರಿನ ಕ್ರಿಸ್‌ಮಸ್ ರಜೆಯಲ್ಲಿ ಅದನ್ನು ಬರೆಯಲು ತೊಡಗಿ, 1991ರ ಫೆಬ್ರವರಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಹೆಸರು ಕೇಳಿ ಹೆಬ್ಬಾವನ್ನು ನೆನೆಯುವವರು ಹೆಚ್ಚು. ನಿಜವಾಗಿ ಅದು ಬಿಬಿಸಿಯ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಅದಕ್ಕೆ ಹಿಂದೆ ಅದೇ ಕೇಂದ್ರದಲ್ಲಿ, ಹೊಸಬರಿಗೆಂದೇ ಎಬಿಸಿ ಎಂಬ ಭಾಷೆಯೊಂದು ರಚಿತವಾಗಿತ್ತು, ಗೀಡೋ ಅವರೂ ಅದರ ಕೆಲಸದಲ್ಲಿ ಭಾಗಿಗಳಾಗಿದ್ದರು. ಸಾಲುಗಳನ್ನು ಎಡಗಡೆಯಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆದರೆ, ಅವು ಮೇಲಿನ ಸಾಲಿನ ಅಧೀನಕ್ಕೆ ಒಳಪಟ್ಟವೆಂದು ಯಂತ್ರವು ತಿಳಿದುಕೊಳ್ಳುವ ಪೈಥಾನಿನ ಪ್ರಸಿದ್ಧ ಪದ್ಧತಿಯು ಎಬಿಸಿಯಿಂದ ಬಂದ ಪಿತ್ರಾರ್ಜಿತ. ಎಬಿಸಿಯಲ್ಲಿ ನಮ್ಮ ಮೊದಲ ಸಾಲನ್ನು ಬರೆಯುವುದಾದರೆ, ಎಣಿಕೆಗೆ ಒಂದನ್ನು ಕೂಡಿಸಿ ಎಣಿಕೆಯಲ್ಲಿ ಇಡು ಎಂಬ ಅರ್ಥದ ಇಂಗ್ಲಿಷ್ ಪದಗಳಲ್ಲಿಯೇ ಬರೆಯಬೇಕಾಗಿತ್ತು. ಸಮಚಿಹ್ನೆಯ ಗೊಂದಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಮಗುವು ತಾಯಿಯ ಈ ಒಂದು ಗುಣವನ್ನು ಏಕೆ ಬಿಟ್ಟುಕೊಟ್ಟಿತೆಂದು ಕೊರಗುವವರೂ ಉಂಟು. ನಾನು ಅವರ ಪಕ್ಷದವನಲ್ಲ. ಅಷ್ಟು ಹೊತ್ತಿಗೆ ಸಮಚಿಹ್ನೆಯ ಈ ಎರಡನೆಯ ಬಳಕೆಯು ಜಗತ್ತಿನ ಉದ್ದಗಲಕ್ಕೂ ರೂಢಮೂಲವಾಗಿತ್ತು.

ಕನ್ನಡಿಗರಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನಿನ ಮೂರನೆಯ ಮಹಾವೃತ್ತಿಯಿಂದ ಈಚೆಗೆ, ನಾವು ಕೊಡುವ ಹೆಸರುಗಳು ರೋಮನ್ ಲಿಪಿಯಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಭಾಷೆಗೆ ಸ್ವಂತವಾದ ಕೆಲವು ಪದಗಳು ಇಂಗ್ಲಿಷಿನವೇ ಆದರೂ, ಎಣಿಕೆ, ಮೊತ್ತ, ಪಟ್ಟಿ ಎಂಬ ನಮ್ಮ ಹೆಸರುಗಳನ್ನು ಯಂತ್ರವು ಮರುಮಾತಿಲ್ಲದೆ ಸ್ವೀಕರಿಸುತ್ತದೆ. ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯಬೇಕು. ಈ ಅಧ್ಯಾಯದಲ್ಲಿ ಬರುವ ಸಾಲುಗಳೆಲ್ಲವೂ, ಕನ್ನಡದಲ್ಲಿ ಕಾಣುತ್ತಿದ್ದರೂ, ಹೇಗಿವೆಯೋ ಹಾಗೆಯೇ ಯಂತ್ರಕ್ಕೆ ಕೊಟ್ಟು ನೋಡಬಹುದಾದ ನಿಜವಾದ ಪೈಥಾನ್ ಸಾಲುಗಳು.

ಹೆಸರು ನಿಲ್ಲುತ್ತದೆ, ಹೆಸರಿನವರು ಬದಲಾಗುತ್ತಾರೆ

ಹಳೆಯ ಮೈಸೂರಿನ ಗ್ರಾಮಗಳಲ್ಲಿ, ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾಗುವವರೆಗೂ, ಊರಿನ ಲೆಕ್ಕಪತ್ರಗಳನ್ನು ಬರೆದಿಡುವ ಶಾನುಭೋಗಿಕೆಯು ತಂದೆಯಿಂದ ಮಗನಿಗೆ ಇಳಿದುಬರುವುದು ವಾಡಿಕೆಯಾಗಿತ್ತು. ಮುಪ್ಪಿನಿಂದ ಕಣ್ಣು ಮಂದವಾದ ಶಾನುಭೋಗರು ಕಡತವನ್ನು ಕೆಳಗಿಟ್ಟ ದಿನ, ಊರ ಹಿರಿಯರು ಚಾವಡಿಯಲ್ಲಿ ಕುಳಿತು, ಇನ್ನು ಮೇಲೆ ಶಾನುಭೋಗರ ಮಗನೇ ಶಾನುಭೋಗ ಎಂದು ನುಡಿದರೆಂದು ಭಾವಿಸೋಣ. ಈ ಮಾತನ್ನು ಕೇಳಿ, ಮನುಷ್ಯನೊಬ್ಬನು ತನಗೆ ತಾನೇ ಮಗನಾಗುವುದು ಹೇಗೆಂದು ಆಕ್ಷೇಪಿಸುವ ತಾರ್ಕಿಕನು ಯಾವ ಊರಿನಲ್ಲಿಯೂ ಸಿಕ್ಕಲಾರನು. ಏಕೆಂದರೆ, ಶಾನುಭೋಗರ ಮಗ ಎಂದಾಗ ಶಾನುಭೋಗ ಎಂಬ ಹೆಸರು ಈವರೆಗೆ ಯಾರಿಗೆ ಸಲ್ಲುತ್ತಿತ್ತೋ ಆ ವೃದ್ಧರನ್ನು ಸೂಚಿಸುತ್ತದೆಂದೂ, ಕೊನೆಯ ಶಾನುಭೋಗ ಎಂಬ ಮಾತು ಆ ಹೆಸರು ಇನ್ನು ಮುಂದೆ ಯಾರಿಗೆ ಸಲ್ಲಬೇಕೆಂಬುದನ್ನು ಗೊತ್ತುಮಾಡುತ್ತದೆಂದೂ ಎಲ್ಲರೂ ಅನಾಯಾಸವಾಗಿ ಬಲ್ಲರು. ಮೊದಲು ಮಗನಾರೆಂದು ನಿಶ್ಚಯಿಸುವುದು. ಆಮೇಲೆ ಹೆಸರನ್ನು ಅವನಿಗೆ ಕಟ್ಟುವುದು. ಒಂದೇ ವಾಕ್ಯದೊಳಗೆ ಎರಡು ಘಳಿಗೆಗಳು ಅಡಗಿವೆ.

ನಮ್ಮ ಸಾಲಿನ ಒಗಟು ಇದಕ್ಕಿಂತ ಬೇರೆಯಲ್ಲ.

ಎಣಿಕೆ = 5
ಎಣಿಕೆ = ಎಣಿಕೆ + 1

ಇಲ್ಲಿ ಎರಡನೆಯ ಸಾಲನ್ನು ಓದುವಾಗ ಯಂತ್ರವು ಮೊದಲಿಗೆ ಸಮಚಿಹ್ನೆಯ ಬಲಗಡೆಯನ್ನು ಮಾತ್ರ ನೋಡುತ್ತದೆ. ಎಣಿಕೆ ಎಂಬ ಹೆಸರು ಆ ಘಳಿಗೆಯಲ್ಲಿ ಯಾವುದಕ್ಕೆ ಸಲ್ಲುತ್ತಿದೆ? ಐದಕ್ಕೆ. ಐದಕ್ಕೆ ಒಂದನ್ನು ಕೂಡಿಸಿದರೆ ಆರು. ಬಲಗಡೆಯ ಕೆಲಸ ಅಲ್ಲಿಗೆ ಮುಗಿಯಿತು. ಎಡಗಡೆಯಲ್ಲಿ ಏನು ಬರೆದಿದೆಯೆಂಬುದು ಈವರೆಗೆ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಈಗ ಅದು ಎಡಕ್ಕೆ ತಿರುಗಿ, ಅಲ್ಲಿರುವ ಹೆಸರನ್ನು ಐದರಿಂದ ಬಿಡಿಸಿ ಆರಕ್ಕೆ ಕಟ್ಟುತ್ತದೆ. ಈ ಕಟ್ಟುವಿಕೆಯನ್ನು ನಾಮಬಂಧವೆಂದು ಕರೆಯೋಣ. ಪೈಥಾನಿನಲ್ಲಿ ಒಂಟಿ ಸಮಚಿಹ್ನೆಯು ಮಾಡುವ ಕೆಲಸ ಇಷ್ಟೇ: ಬಲಗಡೆಯಿಂದ ಒಂದು ವಸ್ತು ದೊರೆಯುತ್ತದೆ, ಎಡಗಡೆಯ ಹೆಸರು ಅದಕ್ಕೆ ಬಂಧಿತವಾಗುತ್ತದೆ.

ಇಲ್ಲಿ ಲಕ್ಷ್ಯವಿಟ್ಟು ನೋಡಬೇಕಾದ ಒಂದು ಅಂಶವುಂಟು. ಐದೆಂಬ ಸಂಖ್ಯೆಯು ಆರಾಗಿ ಮಾರ್ಪಡಲಿಲ್ಲ. ಶಾನುಭೋಗಿಕೆ ಕೈಬದಲಾದ ದಿನ ಮುದುಕರು ತರುಣರಾಗುವುದಿಲ್ಲ. ಅವರು ಅವರಾಗಿಯೇ ಇರುತ್ತಾರೆ, ಹೆಸರು ಮಾತ್ರ ಅವರನ್ನು ಬಿಟ್ಟು ಹೋಗಿರುತ್ತದೆ. ಫೋರ್‌ಟ್ರಾನ್, ಸಿ ಮೊದಲಾದ ಭಾಷೆಗಳ ಪರಿ ಬೇರೆ. ಅಲ್ಲಿ ಒಂದೊಂದು ಹೆಸರಿಗೂ ಯಂತ್ರದ ಸ್ಮೃತಿಯಲ್ಲಿ ಒಂದು ಸ್ಥಿರವಾದ ಜಾಗವಿದ್ದು, ಹೊಸ ಸಂಖ್ಯೆ ಬಂದಾಗ ಆ ಜಾಗದಲ್ಲಿದ್ದ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವರು. ಆ ಭಾಷೆಗಳನ್ನು ಕಲಿತು ಬಂದ ಅಧ್ಯಾಪಕರು ವೇರಿಯಬಲ್ ಎಂದರೆ ಒಂದು ಪೆಟ್ಟಿಗೆಯೆಂದು ಪೈಥಾನಿನ ಮಕ್ಕಳಿಗೂ ಹೇಳಿಕೊಡುವುದುಂಟು. ಅಲ್ಲಿ ನಿಜವಾದ ಮಾತು ಇಲ್ಲಿ ನಿಜವಲ್ಲ. ಎಷ್ಟರ ಮಟ್ಟಿಗೆ ನಿಜವಲ್ಲವೆಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ಗೋಚರಿಸುವುದು.

ಹೆಸರನ್ನು ಕಳೆದುಕೊಂಡ ವಸ್ತುವಿನ ಗತಿಯೇನೆಂದು ಕೇಳಬಹುದು. ಸಾಮಾನ್ಯವಾಗಿ ಎಲ್ಲರೂ ಬಳಸುವ, ಸಿ ಭಾಷೆಯಲ್ಲಿ ಬರೆದಿರುವ ಪೈಥಾನಿನಲ್ಲಿ, ಪ್ರತಿಯೊಂದು ವಸ್ತುವಿನ ಜೊತೆಗೂ ಅದನ್ನು ಎಷ್ಟು ಕಡೆಯಿಂದ ನಿರ್ದೇಶಿಸಲಾಗುತ್ತಿದೆ ಎಂಬ ಲೆಕ್ಕವಿರುತ್ತದೆ. ಒಂದು ಹೆಸರು ಅಂಟಿಕೊಂಡರೆ ಲೆಕ್ಕ ಒಂದು ಏರುವುದು, ಬಿಟ್ಟುಹೋದರೆ ಒಂದು ಇಳಿಯುವುದು; ಅದು ಸೊನ್ನೆಗೆ ಬಂದೊಡನೆ ಆ ವಸ್ತುವನ್ನು ಅಳಿಸಿ, ಅದರ ಸ್ಥಳವನ್ನು ಬೇರೆ ಕೆಲಸಕ್ಕೆ ಉಪಯೋಗಿಸಿಕೊಳ್ಳುವರು. ನಮ್ಮ ಹೋಲಿಕೆ ಇಲ್ಲಿ ಕುಂಟುತ್ತದೆ. ಹುದ್ದೆಯಿಲ್ಲದ ಮುದುಕರನ್ನು ಯಾವ ಊರೂ ಹಾಗೆ ನಡೆಸಿಕೊಳ್ಳುವುದಿಲ್ಲ. ಪದೇಪದೇ ಬೇಕಾಗುವ ಸಣ್ಣ ಸಂಖ್ಯೆಗಳಿಗೆ ಮಾತ್ರ ಈ ಭಯವಿಲ್ಲ. ಅವುಗಳನ್ನು, ಬಹುಕಾಲದ ರೂಢಿಯಂತೆ −5ರಿಂದ 256ರವರೆಗಿನವನ್ನು, ಯಂತ್ರವು ಕೆಲಸಕ್ಕೆ ತೊಡಗುವ ಮೊದಲೇ ಸಿದ್ಧಪಡಿಸಿಟ್ಟುಕೊಂಡು ಕೊನೆಯವರೆಗೂ ಕಾಪಾಡಿಕೊಂಡಿರುತ್ತದೆ.

ಲಘು ಗುರುಗಳ ಲೆಕ್ಕ

ಬಲಗಡೆ ಮೊದಲು, ಎಡಗಡೆ ಅನಂತರ ಎಂಬ ನಿಯಮವು ಕೇವಲ ಸೂಕ್ಷ್ಮವಿಚಾರವೆಂದು ತೋರಬಹುದು. ಅದರ ಬಲವನ್ನು ತಿಳಿಯುವುದಕ್ಕೆ ನಮ್ಮ ಛಂದಸ್ಸಿನಿಂದಲೇ ಒಂದು ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಗಳ ಗಣವನ್ನು ಎಷ್ಟು ಬಗೆಯಾಗಿ ಕಟ್ಟಬಹುದು? ಮೂರು ಲಘು, ಲಘುವಿನ ಮೇಲೆ ಗುರು, ಗುರುವಿನ ಮೇಲೆ ಲಘು, ಹೀಗೆ ಮೂರು ಬಗೆ. ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪಗಳು. ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣಕ್ಕೆ ಎಂಟು. ಯಾವ ಗಣವೇ ಆಗಲಿ ಕೊನೆಗೊಳ್ಳುವುದು ಲಘುವಿನಿಂದ ಇಲ್ಲವೆ ಗುರುವಿನಿಂದ. ಲಘುವಿನಿಂದ ಮುಗಿದರೆ ಅದರ ಹಿಂದಿರುವುದು ಒಂದು ಮಾತ್ರೆ ಕಡಿಮೆಯ ಗಣ, ಗುರುವಿನಿಂದ ಮುಗಿದರೆ ಎರಡು ಮಾತ್ರೆ ಕಡಿಮೆಯ ಗಣ. ಆದಕಾರಣ ಯಾವುದೇ ಗಣದ ರೂಪಗಳ ಸಂಖ್ಯೆಯು ಅದರ ಹಿಂದಿನ ಎರಡು ಸಂಖ್ಯೆಗಳ ಮೊತ್ತವಾಗಿರುವುದು: 1, 2, 3, 5, 8, 13. ಪಶ್ಚಿಮದಲ್ಲಿ ಪೀಸಾ ನಗರದ ಲಿಯೊನಾರ್ಡೊ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾಗಿರುವ ಶ್ರೇಣಿ ಇದೇ. ಆತನ ಗ್ರಂಥ ಬಂದದ್ದು 1202ರಲ್ಲಿ. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲು ಗುಜರಾತಿನ ಜೈನ ಆಚಾರ್ಯ ಹೇಮಚಂದ್ರನೂ, ಅವನಿಗಿಂತ ಎಷ್ಟೋ ಹಿಂದೆ ವಿರಹಾಂಕನೆಂಬ ಛಂದಶ್ಶಾಸ್ತ್ರಜ್ಞನೂ ಈ ನಿಯಮವನ್ನು ಮಾತ್ರಾವೃತ್ತಗಳ ಪ್ರಸಂಗದಲ್ಲಿ ಹೇಳಿದ್ದರು.

ಪೈಥಾನಿನಲ್ಲಿ ಇದನ್ನು ಲೆಕ್ಕ ಮಾಡಿಸುವುದಕ್ಕೆ ಎರಡು ಹೆಸರುಗಳು ಸಾಕು.

ಹಿಂದಿನ = 1
ಇಂದಿನ = 2
ಹಿಂದಿನ, ಇಂದಿನ = ಇಂದಿನ, ಹಿಂದಿನ + ಇಂದಿನ

ಮೂರನೆಯ ಸಾಲಿನಲ್ಲಿ ಯಂತ್ರವು ಬಲಗಡೆಯ ಎರಡನ್ನೂ ಮೊದಲೇ ಗಣಿಸಿ ಕೈಯಲ್ಲಿ ಹಿಡಿದುಕೊಳ್ಳುತ್ತದೆ: ಇಂದಿನದು 2, ಮೊತ್ತ 3. ಆ ಬಳಿಕವೇ ಎಡಗಡೆಯ ಎರಡು ಹೆಸರುಗಳನ್ನು ಅವಕ್ಕೆ ಕಟ್ಟುತ್ತದೆ. ಈ ಒಂದು ಸಾಲನ್ನು ಮತ್ತೆ ಮತ್ತೆ ನಡೆಸಿದರೆ 5, 8, 13 ಎಂದು ಶ್ರೇಣಿ ಮುಂದುವರಿಯುವುದು. ಹಾಗೆ ಪುನಃ ಪುನಃ ನಡೆಸುವುದಕ್ಕೆ ವೈಲ್ ಎಂಬ ಪದವುಂಟು. ಆ ಪದದ ಮುಂದೆ ಒಂದು ಷರತ್ತನ್ನು ಬರೆದು, ಕೆಳಗಿನ ಸಾಲುಗಳನ್ನು ಒಳಕ್ಕೆ ಸರಿಸಿದರೆ, ಷರತ್ತು ಸತ್ಯವಾಗಿರುವವರೆಗೂ ಯಂತ್ರವು ಅವುಗಳನ್ನೇ ಸುತ್ತುತ್ತಿರುತ್ತದೆ. ಎಷ್ಟು ಸುತ್ತು ಆಯಿತೆಂದು ನೆನಪಿಡುವ ಕೆಲಸವನ್ನು ನಮ್ಮ ಮೊದಲ ಸಾಲಿಗೆ, ಅಂದರೆ ಎಣಿಕೆಗೆ ಒಂದನ್ನು ಕೂಡಿಸುವ ಸಾಲಿಗೆ, ಒಪ್ಪಿಸಬಹುದು. ಹದಿನೆಂಟು ಸುತ್ತುಗಳಾದ ಮೇಲೆ ಇಪ್ಪತ್ತು ಮಾತ್ರೆಗಳಿಗೆ 10946 ವಿನ್ಯಾಸಗಳೆಂಬ ಉತ್ತರ ಬರುವುದು. ಪ್ರಸ್ತಾರ ಹಾಕಿ ಕೈಯಿಂದ ಬರೆಯಲು ಹೊರಟವನಿಗೆ ಎಷ್ಟು ಹಾಳೆ ಬೇಕಾದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಅದೇ ಮೂರನೆಯ ಸಾಲನ್ನು, ಅರ್ಥ ಒಂದೇ ತಾನೆ ಎಂದುಕೊಂಡು, ಎರಡಾಗಿ ಒಡೆದು ಬರೆದು ನೋಡಿ.

ಹಿಂದಿನ = ಇಂದಿನ
ಇಂದಿನ = ಹಿಂದಿನ + ಇಂದಿನ

ಮೊದಲ ಸಾಲು ನಡೆದ ಕೂಡಲೆ ಹಿಂದಿನ ಎಂಬ ಹೆಸರು 1ನ್ನು ಬಿಟ್ಟು 2ಕ್ಕೆ ಬಂತು. ಎರಡನೆಯ ಸಾಲಿನ ಬಲಗಡೆಯನ್ನು ಓದುವ ಹೊತ್ತಿಗೆ ಎರಡು ಹೆಸರುಗಳೂ 2ಕ್ಕೇ ಸಲ್ಲುತ್ತಿವೆ, ಮೊತ್ತ 4. ಮುಂದಿನ ಸುತ್ತಿಗೆ 8, ಅದರ ಮುಂದೆ 16. ಪ್ರತಿಸಲವೂ ಇಮ್ಮಡಿಯಾಗುವ ಈ ಸಂಖ್ಯೆಗಳು ಮಾತ್ರೆಗಳ ಕುರಿತ ನಮ್ಮ ಪ್ರಶ್ನೆಗೆ ಉತ್ತರವಲ್ಲ. ಯಂತ್ರವು ತಪ್ಪಿದೆಯೆಂದು ಮಾತ್ರ ಹೇಳುವಂತಿಲ್ಲ. ಎರಡು ಘಳಿಗೆಗಳ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೋ ಆ ಕ್ರಮದಲ್ಲಿಯೇ ನಡೆದಿದೆ.

ಒಂದೇ ಗೆರೆಜೋಡಿ, ಎರಡು ಗೆರೆಜೋಡಿ

ಸಮಚಿಹ್ನೆಯನ್ನು ಬಂಧನಕ್ಕೆ ಕೊಟ್ಟುಬಿಟ್ಟ ಮೇಲೆ, ಇದು ಅದಕ್ಕೆ ಸಮವೇ ಎಂದು ಪ್ರಶ್ನಿಸುವುದಕ್ಕೆ ಬೇರೊಂದು ಚಿಹ್ನೆ ಬೇಕಾಯಿತು. ಸಿ ಭಾಷೆಯಂತೆ ಪೈಥಾನಿನಲ್ಲಿಯೂ ಅದನ್ನು == ಎಂದು ಎರಡು ಸಲ ಬರೆಯುವರು. ಷರತ್ತನ್ನು ಬರೆಯುವಾಗ ಒಂದು ಚಿಹ್ನೆಯನ್ನು ಮರೆತುಬಿಡುವುದು ಕೈಯ ಸಹಜದೋಷ. ಸಿ ಭಾಷೆಯು ಅದನ್ನು ಬಂಧನವೆಂದು ತಿಳಿದು ಮುಂದಕ್ಕೆ ಹೋಗುವುದರಿಂದ ಅಲ್ಲಿ ಅನೇಕ ಅನರ್ಥಗಳಾದುವು. ಪೈಥಾನ್ ಹಾಗಲ್ಲ, ಷರತ್ತಿನ ಸ್ಥಾನದಲ್ಲಿ ಒಂಟಿ ಸಮಚಿಹ್ನೆ ಕಂಡೊಡನೆ ವ್ಯಾಕರಣದೋಷವೆಂದು ಹೇಳಿ ನಿಂತುಬಿಡುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ.

ಕೆಲವು ಸಂದರ್ಭಗಳಲ್ಲಿ ಷರತ್ತಿನೊಳಗೇ ಹೆಸರು ಕಟ್ಟುವುದು ಅನುಕೂಲವೆಂದು ವಾದಿಸಿದವರಿಗಾಗಿ 2019ರ ಆವೃತ್ತಿಯಲ್ಲಿ := ಎಂಬ ಚಿಹ್ನೆಯನ್ನು ಪ್ರತ್ಯೇಕವಾಗಿ ಸೇರಿಸಲಾಯಿತು. ಓರೆಯಾಗಿ ನೋಡಿದರೆ ಎರಡು ಕಣ್ಣು ಎರಡು ಕೋರೆಹಲ್ಲುಗಳಂತೆ ಕಾಣುವುದರಿಂದ ಇದಕ್ಕೆ ವಾಲ್ರಸ್ ಎಂಬ ಕಡಲಪ್ರಾಣಿಯ ಅಡ್ಡಹೆಸರು ಬಿದ್ದಿದೆ. ಇದನ್ನು ಸೇರಿಸಬೇಕೆ ಬೇಡವೆ ಎಂಬ ವಾಗ್ವಾದವು ಎಷ್ಟು ಕಟುವಾಯಿತೆಂದರೆ, ಅದಕ್ಕೆ ಸಮ್ಮತಿಯಿತ್ತ ಗೀಡೋ ಅವರು ಬೇಸತ್ತು 2018ರ ಜುಲೈಯಲ್ಲಿ ಭಾಷೆಯ ಯಜಮಾನಿಕೆಯನ್ನೇ ಬಿಟ್ಟುಕೊಟ್ಟರು. ಆ ಹೊಣೆ ಈಗ ಐವರ ಒಂದು ಚುನಾಯಿತ ಮಂಡಳಿಯದು. ಎರಡು ಚುಕ್ಕೆ ಎರಡು ಗೆರೆಗಳಿಗಾಗಿ ಇಷ್ಟು ಹೊಡೆದಾಟವೆ ಎಂದು ಹೊರಗಿನವರಿಗೆ ನಗು ಬರಬಹುದು. ವಿಸರ್ಗವೊಂದರ ಸಂಧಿಗಾಗಿ ದಿನಗಟ್ಟಲೆ ವಾದಿಸಿದ ವೈಯಾಕರಣರ ನಾಡಿನವರು ನಗುವುದಕ್ಕೆ ಮುಂಚೆ ಸ್ವಲ್ಪ ಯೋಚಿಸುವುದು ಮೇಲು.

ಇಬ್ಬರೂ ಒಬ್ಬರೇ ಆದಾಗ

ಈಗ ಪೆಟ್ಟಿಗೆಯ ಮಾತು ಎಲ್ಲಿ ಕೈಕೊಡುವುದೆಂಬುದನ್ನು ನೋಡೋಣ. ಪೈಥಾನಿನಲ್ಲಿ ಅನೇಕ ಸಂಖ್ಯೆಗಳನ್ನು ಚೌಕಾವರಣದೊಳಗೆ ಇಟ್ಟು ಒಂದು ಪಟ್ಟಿಯನ್ನು ಮಾಡಬಹುದು; ಸ್ಥಾನಗಳನ್ನು ಸೊನ್ನೆಯಿಂದ ಎಣಿಸುವುದು ಅಲ್ಲಿಯ ಪದ್ಧತಿ.

ಪಟ್ಟಿ = [3, 5, 8]
ನಕಲು = ಪಟ್ಟಿ
ನಕಲು[0] = 100

ಈ ಮೂರು ಸಾಲುಗಳ ತರುವಾಯ ಪಟ್ಟಿ ಎಂದು ಬರೆದು ಕೇಳಿದರೆ ಯಂತ್ರವು ಏನನ್ನು ತೋರಿಸುತ್ತದೆ? ನಕಲನ್ನು ತಿದ್ದಿದರೆ ಅಸಲಿಗೆ ಬಾಧೆಯಿಲ್ಲವೆಂದು ನಂಬಿದವರು, 3, 5, 8 ಎಂಬ ಉತ್ತರವನ್ನು ನಿರೀಕ್ಷಿಸುವರು. ಬರುವುದು [100, 5, 8]. ಅನುಭವಸ್ಥರೂ ಅವಸರದಲ್ಲಿದ್ದಾಗ ಈ ಹೊಂಡಕ್ಕೆ ಬೀಳುವುದುಂಟು.

ಚಾವಡಿಗೆ ಮತ್ತೊಮ್ಮೆ ಹೋಗೋಣ. ಆ ಊರಿನ ಶಾನುಭೋಗರೇ ದೇವಸ್ಥಾನದ ಪಾರುಪತ್ಯಗಾರರೂ ಆಗಿದ್ದಾರೆ. ಹೆಸರು ಎರಡು, ಮನುಷ್ಯರು ಒಬ್ಬರೇ. ಪಾರುಪತ್ಯಗಾರರು ಒಂದು ಬೆಳಗ್ಗೆ ಮೀಸೆಯನ್ನು ಬೋಳಿಸಿಕೊಂಡರೆ, ಶಾನುಭೋಗರ ಮೀಸೆ ಹೋಯಿತೇಕೆಂದು ಯಾರೂ ಬೆರಗಾಗರು. ಆದರೆ ಶಾನುಭೋಗಿಕೆಯು ಮಗನಿಗೆ ಹೋದರೆ, ಪಾರುಪತ್ಯ ತಾನಾಗಿ ಅವನ ಹಿಂದೆ ಹೋಗುವುದಿಲ್ಲ. ಅದು ಮೀಸೆಯಿಲ್ಲದ ತಂದೆಯಲ್ಲಿಯೇ ಉಳಿದಿರುತ್ತದೆ. ವಸ್ತುವನ್ನು ಮಾರ್ಪಡಿಸುವುದು ಒಂದು, ಹೆಸರನ್ನು ಬೇರೆ ವಸ್ತುವಿಗೆ ಕಟ್ಟುವುದು ಇನ್ನೊಂದು. ಮೊದಲನೆಯದು ಆ ವಸ್ತುವಿನ ಎಲ್ಲ ಹೆಸರುಗಳಿಂದಲೂ ಕಾಣುವುದು. ಎರಡನೆಯದು ಆ ಒಂದು ಹೆಸರಿಗೆ ಮಾತ್ರ ಸಂಬಂಧಿಸಿದ್ದು.

ನಕಲು = ಪಟ್ಟಿ ಎಂಬ ಸಾಲಿನಲ್ಲಿ ಬಲಗಡೆಯಿಂದ ದೊರೆತದ್ದು ಒಂದು ಪಟ್ಟಿ, ಹಿಂದೆ ಇದ್ದ ಅದೇ ಪಟ್ಟಿ. ಎಡಗಡೆಯ ಹೆಸರು ಅದಕ್ಕೇ ಅಂಟಿತು. ನಕಲೆಂದು ನಾವು ಕರೆದದ್ದರಿಂದ ಅದು ನಕಲಾಗುವುದಿಲ್ಲ. ಯಂತ್ರಕ್ಕೆ ಕನ್ನಡ ಬಾರದು. ನಿಜವಾದ ನಕಲು ಬೇಕಾದರೆ

ನಕಲು = ಪಟ್ಟಿ[:]

ಎಂದು ಬರೆಯಬೇಕು, ಆಗ ಬಲಗಡೆಯಲ್ಲಿ ಮೊದಲಿನಿಂದ ಕೊನೆಯವರೆಗಿನ ಅಂಶಗಳನ್ನು ತೆಗೆದು ಹೊಸದೊಂದು ಪಟ್ಟಿ ತಯಾರಾಗಿ, ಹೆಸರು ಅದಕ್ಕೆ ಕಟ್ಟಲ್ಪಡುವುದು. ಇಂಥ ಎರಡು ಪಟ್ಟಿಗಳನ್ನು == ಚಿಹ್ನೆಯಿಂದ ಹೋಲಿಸಿದರೆ ಸಮವೆಂದು ಉತ್ತರ ಬರುತ್ತದೆ; ಇವೆರಡೂ ಒಂದೇ ವಸ್ತುವೆ ಎಂದು ಈಸ್ ಎಂಬ ಪದದಿಂದ ಕೇಳಿದರೆ ಅಲ್ಲವೆಂದು ಬರುತ್ತದೆ. ಸಮವಾಗಿರುವುದಕ್ಕೂ ಒಂದೇ ಆಗಿರುವುದಕ್ಕೂ ಇರುವ ಅಂತರವನ್ನು ತರ್ಕಶಾಸ್ತ್ರಜ್ಞರು ಬಹಳ ಹಿಂದಿನಿಂದ ಬಲ್ಲರು. ಹದಿನಾರು ವರ್ಷದ ಹುಡುಗರಿಗೆ ಅದು ಈಗ ಪರೀಕ್ಷೆಯ ಪ್ರಶ್ನೆ.

ಈ ಗೊಂದಲ ಸಂಖ್ಯೆಗಳ ವಿಷಯದಲ್ಲಿ ಏಕೆ ತಲೆದೋರಲಿಲ್ಲ? ಅಲ್ಲಿಯೂ ಎರಡು ಹೆಸರುಗಳು ಒಂದೇ 2ಕ್ಕೆ ಸಲ್ಲುತ್ತಿದ್ದುದನ್ನು ನಾವು ಕಂಡೆವಷ್ಟೆ. ಆದರೆ ಸಂಖ್ಯೆಯನ್ನು ಒಳಗಿನಿಂದ ಮಾರ್ಪಡಿಸುವುದಕ್ಕೆ ಪೈಥಾನಿನಲ್ಲಿ ಉಪಾಯವೇ ಇಲ್ಲ. ಸಂಖ್ಯೆಗಳೂ ಅಕ್ಷರಮಾಲೆಗಳೂ ಹುಟ್ಟಿದಂತೆಯೇ ಕೊನೆಯವರೆಗೂ ಇರತಕ್ಕವು. ಹೆಸರು ಒಂದರಿಂದ ಇನ್ನೊಂದಕ್ಕೆ ಹಾರಬಹುದೇ ಹೊರತು ಅವು ಬದಲಾಗಲಾರವು. ಬೋಳಿಸುವುದಕ್ಕೆ ಮೀಸೆಯೇ ಇಲ್ಲದವರಿಗೆ ಎಷ್ಟು ಹೆಸರಿದ್ದರೇನು! ಪಟ್ಟಿಯಾದರೋ ಮಾರ್ಪಡತಕ್ಕ ಜಾತಿಯದು. ಸಂಕ್ಷೇಪಕ್ಕಾಗಿ ಬಳಸುವ += ಎಂಬ ಚಿಹ್ನೆಯೂ ಈ ಜಾತಿಭೇದವನ್ನು ನೋಡಿಯೇ ನಡೆದುಕೊಳ್ಳುತ್ತದೆ. ಎಣಿಕೆ += 1 ಎಂದರೆ ಹೆಸರು ಹೊಸ ಸಂಖ್ಯೆಗೆ ಹೋಗುವುದು; ಪಟ್ಟಿ += [13] ಎಂದರೆ ಇದ್ದ ಪಟ್ಟಿಯೇ ಬೆಳೆಯುವುದು, ಅದರ ಬೇರೆ ಹೆಸರುಗಳಿಂದ ನೋಡಿದವರಿಗೂ ಆ ಬೆಳವಣಿಗೆ ಕಾಣುವುದು. ಅದನ್ನೇ ಪಟ್ಟಿ = ಪಟ್ಟಿ + [13] ಎಂದು ಬಿಡಿಸಿ ಬರೆದರೆ ಹೊಸ ಪಟ್ಟಿಯೊಂದು ಹುಟ್ಟುವುದು, ಹಳೆಯದು ಹಳೆಯ ಹೆಸರುಗಳೊಡನೆ ಹಾಗೆಯೇ ಉಳಿಯುವುದು. ಬರಹದಲ್ಲಿ ಪರ್ಯಾಯಗಳಂತೆ ಕಾಣುವ ಎರಡು ಸಾಲುಗಳು ಕಾರ್ಯದಲ್ಲಿ ಹೀಗೆ ಬೇರೆಯಾಗಿಬಿಡುವುದನ್ನು ನಾನು ಈ ಭಾಷೆಯ ಸೊಬಗೆಂದು ಹೊಗಳಲಾರೆ.

ಮೂರು ಸಾಲುಗಳ ಕೋಷ್ಠಕ

ಪಟ್ಟಿಯೊಳಗಿನ ಒಂದೊಂದು ಸ್ಥಾನವೂ ಹೆಸರಿನಂತೆಯೇ ವರ್ತಿಸುತ್ತದೆ. ಅಲ್ಲಿ ವಸ್ತುವು ಕುಳಿತಿರುವುದಿಲ್ಲ. ಆ ಸ್ಥಾನವು ಯಾವ ವಸ್ತುವಿಗೆ ಸಲ್ಲುತ್ತದೆಂಬ ನಿರ್ದೇಶನವಷ್ಟೇ ಇರುತ್ತದೆ. ನಕಲು[0] = 100 ಎಂದಾಗ ನಡೆದದ್ದು ಆ ಸೊನ್ನೆಯ ಸ್ಥಾನವನ್ನು 3ರಿಂದ ಬಿಡಿಸಿ 100ಕ್ಕೆ ಕಟ್ಟಿದ ನಾಮಬಂಧವೇ. ಇದನ್ನು ತಿಳಿದವರು ಕೆಳಗಿನ ಒಗಟನ್ನು ಬಿಡಿಸಬಲ್ಲರು. ಮೂರು ಸಾಲು ಮೂರು ಕಂಬಗಳ ಒಂದು ಕೋಷ್ಠಕವನ್ನು, ಎಲ್ಲ ಮನೆಗಳಲ್ಲಿಯೂ ಸೊನ್ನೆಯಿಟ್ಟು, ಮಾಡಬೇಕಾಗಿದೆ. ಇಷ್ಟು ಪಾಠ ಕಲಿತ ಚುರುಕು ವಿದ್ಯಾರ್ಥಿಯು ಗುಣಾಕಾರದ ನಕ್ಷತ್ರಚಿಹ್ನೆಯನ್ನು ಬಳಸಿ, ಶ್ರಮವನ್ನು ಉಳಿಸುವ ಉದ್ದೇಶದಿಂದ, ಹೀಗೆ ಬರೆಯುವನು.

ಕೋಷ್ಠಕ = [[0] * 3] * 3
ಕೋಷ್ಠಕ[0][0] = 7

ಮೊದಲ ಸಾಲಿನ ಮೊದಲ ಮನೆಯೊಂದೇ ಏಳಾಗಬೇಕಾಗಿತ್ತು. ಯಂತ್ರವು ತೋರಿಸುವುದು [[7, 0, 0], [7, 0, 0], [7, 0, 0]] ಎಂದು. ಒಳಗಿನ ಪಟ್ಟಿಯು ಹುಟ್ಟಿದ್ದು ಒಂದೇ ಸಲ. ಹೊರಗಿನ ಗುಣಾಕಾರವು ಅದರ ಮೂರು ನಕಲುಗಳನ್ನು ಮಾಡದೆ, ಮೂರು ಸ್ಥಾನಗಳನ್ನೂ ಅದೊಂದಕ್ಕೇ ಕಟ್ಟಿತು. ಚಾವಡಿಯಲ್ಲಿ ಮೂರು ಹುದ್ದೆಗಳ ಹೆಸರು ಕೂಗಿದರೂ ಎದ್ದು ನಿಲ್ಲುವವರು ಒಬ್ಬರೇ ಎಂದಾಯಿತು. ಮೂರು ಒಳಪಟ್ಟಿಗಳನ್ನೂ ಬೇರೆಬೇರೆಯಾಗಿ ಬರೆದರೆ, ಅಥವಾ ಪ್ರತಿ ಸುತ್ತಿಗೂ ಹೊಸ ಪಟ್ಟಿಯನ್ನು ಹುಟ್ಟಿಸುವ ಆವರ್ತವನ್ನು ಬಳಸಿದರೆ, ಈ ಬಾಧೆ ತಪ್ಪುವುದು. ಹೊರಗಿನ ಪಟ್ಟಿಗೆ ಮಾತ್ರ [:] ಹಾಕಿ ನಕಲು ಮಾಡುವುದರಿಂದ ಪ್ರಯೋಜನವಿಲ್ಲ. ಹೊಸ ಹೊರಪಟ್ಟಿಯ ಸ್ಥಾನಗಳೂ ಹಳೆಯ ಒಳಪಟ್ಟಿಗೇ ಸಲ್ಲುತ್ತಿರುತ್ತವೆ. ಇನ್ನು [0] * 3 ಎಂಬ ಒಳಗಿನ ಗುಣಾಕಾರದಲ್ಲಿಯೂ ಮೂರು ಮನೆಗಳು ಒಂದೇ ಸೊನ್ನೆಯನ್ನು ನಿರ್ದೇಶಿಸುತ್ತವೆಂಬುದು ನಿಜ; ಆದರೆ ಅಲ್ಲಿರುವುದು ಮಾರ್ಪಡಲಾರದ ಸಂಖ್ಯೆಯಾದ್ದರಿಂದ, ಒಂದು ಮನೆಗೆ ಏಳನ್ನು ಕಟ್ಟಿದರೆ ಆ ಮನೆಯಷ್ಟೇ ಸೊನ್ನೆಯನ್ನು ಬಿಟ್ಟುಹೋಗುತ್ತದೆ, ಪಕ್ಕದ ಎರಡು ಮನೆಗಳು ಇದ್ದಲ್ಲಿಯೇ ಇರುತ್ತವೆ.